ಗ್ರಾಫೈಟಾ, ಪೇಸ್ಟಾ, ರ‍್ಯಾಮಿಂಗ್ ಮಾಸಾ, ಕ್ಯಾಸ್ಟಬಲ್ಲಾ? ಕುಲುಮೆಯ ಸರಕು ತಯಾರಿಸಲು ಹೊರಟವರಿಗೆ

ಬೆಳಗಾವಿ, ಶಿವಮೊಗ್ಗ, ಕೊಪ್ಪಳ ಕಡೆ ಫೌಂಡ್ರಿ, ಸ್ಟೀಲ್ ಕಾರ್ಖಾನೆಗಳ ಜೊತೆ ಒಡನಾಟ ಇರುವವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ. ಕುಲುಮೆಗೆ ಹಾಕುವ ಎಲೆಕ್ಟ್ರೋಡ್ (ಕರೆಂಟ್ ಒಯ್ಯುವ ಕಾರ್ಬನ್ ಕಂಬ), ಲೈನಿಂಗ್ (ಒಳಮೈಗೆ ಹಾಕುವ, ಬೆಂಕಿ ತಡೆಯುವ ಪದರ), ಬೆಂಕಿ ಇಟ್ಟಿಗೆ ಎಲ್ಲವೂ ಸವೆಯುವ ಸರಕು. ಸವೆದ ಮೇಲೆ ಮತ್ತೆ ಕೊಳ್ಳಲೇಬೇಕು. ಗಿರಾಕಿ ಪಕ್ಕದಲ್ಲೇ ಇದ್ದಾನೆ. ಮತ್ತೆ ನಾವೇ ಯಾಕೆ ಮಾಡಬಾರದು?

ಯೋಚನೆಯಲ್ಲಿ ತಪ್ಪಿಲ್ಲ. ಆದರೆ ಇವೆಲ್ಲ ಒಂದೇ ಜಾತಿಯ ಧಂದೆ ಅಂದುಕೊಂಡರೆ ಕೈ ಸುಟ್ಟುಕೊಳ್ಳುತ್ತೀರಿ. ಒಂದರಲ್ಲಿ ಬೆಳಿಗ್ಗೆ ಬಂದ ಕಲ್ಲು ಸಂಜೆಗೆ ಚೀಲವಾಗಿ ಲಾರಿ ಹತ್ತುತ್ತದೆ. ಇನ್ನೊಂದರಲ್ಲಿ ಇವತ್ತು ಕೊಂಡ ಕೋಕ್ ಮಾರುವ ಸರಕಾಗಲು ಹಲವು ತಿಂಗಳು ಬೇಕು. ಹಾಗಾಗಿ ನಾನು ಇವನ್ನೆಲ್ಲ ಅಳೆಯುವುದು ಒಂದೇ ಪ್ರಶ್ನೆಯಿಂದ: ಕಚ್ಚಾ ಮಾಲು ನಿಮ್ಮ ಗೇಟಿನೊಳಗೆ ಬಂದ ದಿನದಿಂದ, ಗಿರಾಕಿಯ ಕುಲುಮೆಯಲ್ಲಿ ಅದು ಪಾಸಾಗುವ ದಿನದವರೆಗೆ ನಿಮ್ಮ ದುಡ್ಡು ಎಷ್ಟು ಕಾಲ ಸಿಕ್ಕಿಕೊಂಡಿರುತ್ತದೆ? ಲಾಭದ ಶೇಕಡಾ ಎಷ್ಟು ಅನ್ನುವುದು ಆಮೇಲಿನ ಮಾತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗ್ರಾಫೈಟ್ ಎಲೆಕ್ಟ್ರೋಡ್ ಕೈಗೆಟುಕುವ ಮಾತಲ್ಲ. ಎಲೆಕ್ಟ್ರೋಡ್ ಪೇಸ್ಟ್ (ಗಿರಾಕಿಯ ಕುಲುಮೆಯಲ್ಲೇ ಸುಟ್ಟು ಎಲೆಕ್ಟ್ರೋಡ್ ಆಗುವ ಕಾರ್ಬನ್ ಮುದ್ದೆ) ಆಗಬಹುದು, ಆದರೆ ಗಿರಾಕಿ ಮೊದಲು, ಕಾರ್ಖಾನೆ ಆಮೇಲೆ. ರ‍್ಯಾಮಿಂಗ್ ಮಾಸ್ (ಕುಲುಮೆಯೊಳಗೆ ಬಡಿದು ಕೂರಿಸುವ ಒಣ ಲೈನಿಂಗ್ ಪುಡಿ) ಶುರು ಮಾಡಲು ಎಲ್ಲಕ್ಕಿಂತ ಸುಲಭ, ಅದರಲ್ಲಿ ಉಳಿಯುವುದು ಕಷ್ಟ. ಇಟ್ಟಿಗೆ ಈಗಾಗಲೇ ಗೂಡು ಇರುವವರಿಗೆ ಮಾತ್ರ. ಕ್ಯಾಸ್ಟಬಲ್, ಅಂದರೆ ನೀರು ಕಲಸಿ ಕಾಂಕ್ರೀಟಿನ ಹಾಗೆ ಹೊಯ್ಯುವ ಲೈನಿಂಗ್ ಮಾಲು, ನನ್ನ ಆಯ್ಕೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಗಿರಾಕಿಯ ಕುಲುಮೆ ಯಾವುದು?

ಇದನ್ನು ನೋಡದೆ ಮೆಷಿನ್ ಆರ್ಡರ್ ಮಾಡುವವರೇ ಜಾಸ್ತಿ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ಇಂಡಕ್ಷನ್ ಫರ್ನೇಸ್ ಇದೆ, ಕೆಲವು ಕಡೆ ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕ್ಯೂಪೋಲಾ ಇದೆ. ಇಂಡಕ್ಷನ್ ಫರ್ನೇಸಿಗೆ ಎಲೆಕ್ಟ್ರೋಡ್ ಬೇಕಾಗುವುದೇ ಇಲ್ಲ. ಸುತ್ತಲಿನ ತಾಮ್ರದ ಕಾಯಿಲ್ ಕಬ್ಬಿಣದೊಳಗೇ ಕರೆಂಟ್ ಹುಟ್ಟಿಸಿ ಕರಗಿಸುತ್ತದೆ. ಅವರಿಗೆ ಬೇಕಾದ್ದು ಲೈನಿಂಗ್. ಬಳ್ಳಾರಿ, ಕೊಪ್ಪಳ ಕಡೆ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಕಬ್ಬಿಣ ಮಾಡಿದ್ದು) ಗೂಡುಗಳಿವೆ, ಆ ಸ್ಪಾಂಜ್ ಐರನ್ನನ್ನು ಕರಗಿಸುವ ಇಂಡಕ್ಷನ್ ಫರ್ನೇಸುಗಳಿವೆ. ಹೊಸಪೇಟೆ ಹತ್ತಿರದ ವ್ಯಾಸನಕೆರೆಯಲ್ಲಿ ಮ್ಯಾಂಗನೀಸ್ ಮಿಶ್ರಲೋಹ (ಫೆರೋ ಅಲಾಯ್) ಮಾಡುವ ಆರ್ಕ್ ಫರ್ನೇಸ್, ಅಂದರೆ ಎಲೆಕ್ಟ್ರೋಡಿನ ಮೂಲಕ ಕರೆಂಟ್ ಕೊಟ್ಟು ಕರಗಿಸುವ ಕುಲುಮೆ ಇದೆ. ಪೇಸ್ಟ್ ಕೊಳ್ಳುವುದು ಇಂಥವರು. ಗ್ರಾಫೈಟ್ ಎಲೆಕ್ಟ್ರೋಡ್ ಬೇಕಾಗುವುದು ಆರ್ಕ್ ಫರ್ನೇಸಿನಲ್ಲಿ ಸ್ಟೀಲ್ ಕರಗಿಸುವವರಿಗೆ, ಲೇಡಲ್ (ಕರಗಿದ ಸ್ಟೀಲ್ ಹಿಡಿಯುವ ದೊಡ್ಡ ಪಾತ್ರೆ) ಫರ್ನೇಸ್ ಇಟ್ಟುಕೊಂಡವರಿಗೆ.

ತೋರಣಗಲ್ಲಿನಂಥ ದೊಡ್ಡ ಸ್ಟೀಲ್ ಪ್ಲಾಂಟ್ ಬಗ್ಗೆ ಸದ್ಯಕ್ಕೆ ಕನಸು ಬೇಡ. ಅಂಥ ಕಡೆ ಆರ್‌ಎಚ್‌ಐ ಮ್ಯಾಗ್ನೆಸಿಟಾ, ವೆಸುವಿಯಸ್, ಟಿಆರ್‌ಎಲ್ ಕ್ರೊಸಾಕಿ ದರ್ಜೆಯ ಕಂಪನಿಗಳ ಆಟ. ಇಟ್ಟಿಗೆ ಮಾರುವುದರ ಬದಲು ಕರಗಿದ ಸ್ಟೀಲಿನ ಟನ್ನಿಗೆ ಇಷ್ಟು ಅಂತ ಗುತ್ತಿಗೆ ಹಿಡಿಯುವ ಪದ್ಧತಿ ಈ ವ್ಯಾಪಾರದಲ್ಲಿ ಬೇರೂರಿದೆ. ಲೈನಿಂಗ್ ಬೇಗ ಹೋದರೆ ನಷ್ಟ ಅವರದ್ದು. ಹೊಸಬರಿಗೆ ಆ ನಷ್ಟ ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಎಲ್ಲರೂ ಮರೆಯುವ ಗಿರಾಕಿಗಳು ಇನ್ನಿಬ್ಬರಿದ್ದಾರೆ. ಒಂದು, ಕಲಬುರಗಿ, ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಗಳು. ಎರಡು, ಸಕ್ಕರೆ ಕಾರ್ಖಾನೆಯ ಬಾಯ್ಲರುಗಳು. ಕಬ್ಬು ನುರಿಸುವುದು ನಿಂತ ಮೇಲೆ ಬಾಯ್ಲರ್ ಒಳಗಿನ ಇಟ್ಟಿಗೆ, ಕ್ಯಾಸ್ಟಬಲ್ ರಿಪೇರಿ ಶುರುವಾಗುತ್ತದೆ. ಬಾಯ್ಲರಿನಲ್ಲಿ ಕಬ್ಬಿಣ ಕರಗಿಸುವಷ್ಟು ತಾಪ ಇಲ್ಲ, ಕರಗಿದ ಲೋಹದ ಗಂಡಾಂತರವೂ ಇಲ್ಲ. ಹೊಸ ತಯಾರಕನಿಗೆ ಕಲಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ.

ಗ್ರಾಫೈಟ್ ಎಲೆಕ್ಟ್ರೋಡ್

ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ಗ್ರಾಫೈಟ್ ಇಂಡಿಯಾ ಜಂಕ್ಷನ್ ಗೊತ್ತು. ಐಟಿ ಕಂಪನಿಯ ಬಸ್ಸು ಅಲ್ಲಿ ನಿಲ್ಲುತ್ತದೆ, ಹೆಸರು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ನಿಜವಾಗಿಯೂ ಗ್ರಾಫೈಟ್ ಕಾರ್ಖಾನೆ ಇತ್ತು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು, ಕರಿ ಧೂಳಿನ ಬಗ್ಗೆ ನಿವಾಸಿಗಳ ದೂರು ವರ್ಷಗಟ್ಟಲೆ ನಡೆಯಿತು, ಕೋರ್ಟಿನವರೆಗೂ ಹೋಯಿತು, 2019ರಲ್ಲಿ ಆ ಘಟಕ ಮುಚ್ಚಿತು. ಈ ಕೆಲಸಕ್ಕೆ ಜಾಗ ಹುಡುಕುವವರು ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಇವತ್ತು ಊರಾಚೆ ಇರುವ ಜಮೀನು ನಾಳೆ ಊರೊಳಗೆ ಇರುತ್ತದೆ.

ಈಗ ತಯಾರಿಕೆಗೆ ಬರೋಣ. ಮೂಲ ಮಾಲು ನೀಡಲ್ ಕೋಕ್. ಕಚ್ಚಾ ತೈಲ ಶುದ್ಧೀಕರಣದಲ್ಲಿ ಉಳಿಯುವ ಭಾರದ ಎಣ್ಣೆಯಿಂದಲೋ, ಕಲ್ಲಿದ್ದಲ ಟಾರಿನಿಂದಲೋ ಇದನ್ನು ಮಾಡುತ್ತಾರೆ. ಒಡೆದರೆ ಸೂಜಿ ಸೂಜಿಯಾಗಿ ಸೀಳುತ್ತದೆ. ಆ ಸೂಜಿಗಳು ಒಂದೇ ದಿಕ್ಕಿಗೆ ಮಲಗುವುದರಿಂದಲೇ ಎಲೆಕ್ಟ್ರೋಡ್ ಕಾದಾಗ ಕಡಿಮೆ ಹಿಗ್ಗುತ್ತದೆ, ಬಿರುಕು ಬಿಡುವುದಿಲ್ಲ. ಪ್ರಪಂಚದಲ್ಲಿ ಒಳ್ಳೆಯ ನೀಡಲ್ ಕೋಕ್ ಮಾಡುವ ಕಂಪನಿಗಳು ಬೆರಳೆಣಿಕೆಯಷ್ಟು. ಕೋಕನ್ನು ಪುಡಿ ಮಾಡಿ, ಗಾತ್ರದ ಪ್ರಕಾರ ಬೇರ್ಪಡಿಸಿ, ಕಲ್ಲಿದ್ದಲ ಟಾರಿನ ಪಿಚ್ (ಟಾರನ್ನು ಬಟ್ಟಿ ಇಳಿಸಿದಾಗ ಉಳಿಯುವ ಕರಿ ಅಂಟು) ಜೊತೆ ಸುಮಾರು 150 ಡಿಗ್ರಿಯಲ್ಲಿ ಕಲಸಿ, ಭಾರೀ ಪ್ರೆಸ್ಸಿನಲ್ಲಿ ಒತ್ತಿ ಕಂಬ ತೆಗೆಯುತ್ತಾರೆ. ಆ ಹಸಿ ಕಂಬವನ್ನು 800ರಿಂದ 1,000 ಡಿಗ್ರಿವರೆಗೆ ವಾರಗಟ್ಟಲೆ ನಿಧಾನವಾಗಿ ಸುಡಬೇಕು. ಅವಸರ ಮಾಡಿದರೆ ಒಳಗಿನ ಪಿಚ್ಚಿನ ಅನಿಲ ಹೊರಬರಲು ದಾರಿ ಸಿಗದೆ ಕಂಬ ಸೀಳುತ್ತದೆ. ಸುಟ್ಟ ಮೇಲೆ ಉಳಿದ ಸಣ್ಣ ಸಣ್ಣ ರಂಧ್ರಗಳಿಗೆ ಮತ್ತೆ ಒತ್ತಡದಲ್ಲಿ ಪಿಚ್ ತುಂಬಿ, ಇನ್ನೊಮ್ಮೆ ಸುಡಬೇಕು.

ಇಷ್ಟಾದರೂ ಅದು ಇನ್ನೂ ಬರೀ ಕಾರ್ಬನ್. ಅದು ಗ್ರಾಫೈಟ್ ಆಗುವುದು 2,800ರಿಂದ 3,000 ಡಿಗ್ರಿಯಲ್ಲಿ. ಈ ದಾರಿ ತೋರಿಸಿದವರು ಅಮೆರಿಕದ ಎಡ್ವರ್ಡ್ ಅಚೆಸನ್. ಸಿಲಿಕಾನ್ ಕಾರ್ಬೈಡನ್ನು ವಿಪರೀತ ಕಾಯಿಸಿದಾಗ ಸಿಲಿಕಾನ್ ಆವಿಯಾಗಿ ಗ್ರಾಫೈಟ್ ಉಳಿಯುವುದನ್ನು ಕಂಡು 1896ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಅವರ ಹೆಸರಿನ ಗೂಡು ಬಳಕೆಯಲ್ಲಿದೆ. ಎಲೆಕ್ಟ್ರೋಡುಗಳನ್ನು ಸಾಲಾಗಿ ಜೋಡಿಸಿ ಅವುಗಳ ಮೂಲಕವೇ ಕರೆಂಟ್ ಹರಿಸುವ ಗೂಡು ಈಗ ಜಾಸ್ತಿ. ಗೂಡು ಯಾವುದೇ ಆಗಲಿ, ಟನ್ನಿಗೆ ಸುಮಾರು ಮೂರು ಸಾವಿರ ಯೂನಿಟ್, ಕೆಲವು ಕಡೆ ಅದಕ್ಕೂ ಮೇಲೆ ವಿದ್ಯುತ್ ತಿನ್ನುತ್ತದೆ. ಕೊನೆಗೆ ಎರಡೂ ತುದಿಗೆ ತಿರುಪಿನ ಗೆರೆ ಕೊರೆದು, ಜೋಡಿಸುವ ನಿಪ್ಪಲ್ ಮಾಡಬೇಕು. ಎಲ್ಲ ಸೇರಿ ಮೂರರಿಂದ ಆರು ತಿಂಗಳು. ಅಷ್ಟೂ ಕಾಲ ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತದೆ.

ದರ್ಜೆ ಮೂರು: ಆರ್.ಪಿ. (ರೆಗ್ಯುಲರ್ ಪವರ್), ಎಚ್.ಪಿ. (ಹೈ ಪವರ್), ಯು.ಎಚ್.ಪಿ. (ಅಲ್ಟ್ರಾ ಹೈ ಪವರ್). ವ್ಯತ್ಯಾಸ ಮುಖ್ಯವಾಗಿ ಎಷ್ಟು ಕರೆಂಟ್ ತಡೆಯುತ್ತದೆ ಅನ್ನುವುದರಲ್ಲಿ. 400 ಮಿಲಿಮೀಟರ್ ದಪ್ಪದ ಕಂಬ ತೆಗೆದುಕೊಳ್ಳಿ. ಅಡ್ಡ ಕೊಯ್ದ ಮುಖ ಸುಮಾರು 1,256 ಚದರ ಸೆಂಟಿಮೀಟರ್. ಆರ್.ಪಿ.ಯಲ್ಲಿ ಚದರ ಸೆಂಟಿಮೀಟರಿಗೆ 15 ಆಂಪಿಯರ್ ಹಿಡಿದರೆ ಸುಮಾರು 19,000 ಆಂಪಿಯರ್ ಬರುತ್ತದೆ, ಯು.ಎಚ್.ಪಿ.ಯಲ್ಲಿ 25 ಹಿಡಿದರೆ 31,000 ದಾಟುತ್ತದೆ. ದೊಡ್ಡ ಫರ್ನೇಸುಗಳು ಹೀಟ್ (ಒಂದು ಸಲ ಕರಗಿಸುವ ಸುತ್ತು) ಬೇಗ ಮುಗಿಸಲು ಯು.ಎಚ್.ಪಿ. ಕೇಳುತ್ತವೆ, ಯು.ಎಚ್.ಪಿ.ಗೆ ಒಳ್ಳೆ ನೀಡಲ್ ಕೋಕ್ ಬಿಟ್ಟು ಬೇರೆ ದಾರಿ ಇಲ್ಲ. ಸಣ್ಣವನು ಆರ್.ಪಿ. ಮಾಡಿ ಮಾರಬಹುದಲ್ವಾ ಅಂದರೆ, ಅಲ್ಲಿ ಚೀನಾದ ಅಗ್ಗದ ಮಾಲು ಕಾದು ಕೂತಿದೆ.

2017ರಲ್ಲಿ ಎಷ್ಟೋ ಜನರಿಗೆ ಈ ಧಂದೆಯ ಮೇಲೆ ಆಸೆ ಹುಟ್ಟಿತ್ತು. ಆ ವರ್ಷ ಚೀನಾ ಸರ್ಕಾರ ಕಳಪೆ ಸ್ಟೀಲ್ ಮಾಡುವ ಇಂಡಕ್ಷನ್ ಫರ್ನೇಸುಗಳನ್ನು ಮುಚ್ಚಿಸಿತು. ಗುಜರಿ ಕಬ್ಬಿಣವೆಲ್ಲ ಆರ್ಕ್ ಫರ್ನೇಸಿನ ಕಡೆ ತಿರುಗಿತು. ಅದೇ ಹೊತ್ತಿಗೆ ಮಾಲಿನ್ಯದ ಕಾರಣಕ್ಕೆ ಅಲ್ಲಿನ ಎಲೆಕ್ಟ್ರೋಡ್ ಘಟಕಗಳಿಗೂ ಬೀಗ ಬಿತ್ತು. ನೀಡಲ್ ಕೋಕಿಗೆ ಲಿಥಿಯಂ ಬ್ಯಾಟರಿಯವರು ಬೇರೆ ಪೈಪೋಟಿಗೆ ಬಂದರು. ಟನ್ನಿಗೆ ಎರಡು ಮೂರು ಸಾವಿರ ಡಾಲರ್ ಇದ್ದ ಎಲೆಕ್ಟ್ರೋಡ್ ಹತ್ತು ಸಾವಿರ ದಾಟಿ ಹೋಯಿತು. ಎರಡೇ ವರ್ಷದಲ್ಲಿ ಬೆಲೆ ಮತ್ತೆ ಕುಸಿಯಿತು. ಏರುವಾಗ ಕಟ್ಟಲು ಶುರು ಮಾಡಿದ ಕಾರ್ಖಾನೆ ಇಳಿಯುವಾಗ ಮುಗಿಯುತ್ತದೆ, ಇದರಲ್ಲಿ ಇರುವ ದೊಡ್ಡ ಅಪಾಯ ಅದೇ. ನಮ್ಮ ದೇಶದಲ್ಲಿ ಎಚ್‌ಇಜಿ, ಗ್ರಾಫೈಟ್ ಇಂಡಿಯಾ ಇವೆರಡೇ ದೊಡ್ಡ ಹೆಸರು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಎಚ್‌ಇಜಿಯ ಭೋಪಾಲ್ ಹತ್ತಿರದ ಮಂಡಿದೀಪ್ ಕಾರ್ಖಾನೆಯೊಂದರ ಸಾಮರ್ಥ್ಯವೇ ವರ್ಷಕ್ಕೆ 1 ಲಕ್ಷ ಟನ್.

ಗ್ರಾಫೈಟ್ ಮೇಲೆ ಮನಸ್ಸು ಇದ್ದೇ ಇದೆ ಅನ್ನುವವರಿಗೆ ಒಂದು ಸಣ್ಣ ದಾರಿ ಇದೆ. ಮುರಿದ ಎಲೆಕ್ಟ್ರೋಡ್ ತುಂಡು, ಲೇತ್ ಪುಡಿ ಕೊಂಡು, ಪುಡಿ ಮಾಡಿ, ಜರಡಿ ಹಿಡಿದು ಫೌಂಡ್ರಿಗಳಿಗೆ ಕಾರ್ಬುರೈಸರ್ (ಕರಗಿದ ಕಬ್ಬಿಣಕ್ಕೆ ಕಾರ್ಬನ್ ಸೇರಿಸುವ ಪುಡಿ) ಅಂತ ಮಾರುವುದು. ಗಂಧಕ ಕಡಿಮೆ ಇರುವ ಕಾರಣ ಎಸ್‌ಜಿ ಐರನ್ (ಮ್ಯಾಗ್ನೀಸಿಯಂ ಹಾಕಿ ಮಾಡುವ, ಬೇಗ ಒಡೆಯದ ಬೀಡು ಕಬ್ಬಿಣ) ಮಾಡುವವರು ಇದಕ್ಕೆ ಒಳ್ಳೆ ದುಡ್ಡು ಕೊಡುತ್ತಾರೆ. ಸಾದಾ ಪೆಟ್ರೋಲಿಯಂ ಕೋಕ್ ಬೆರೆಸಿ ಮೋಸ ಮಾಡಿದರೆ ಅದರ ಗಂಧಕ ಮ್ಯಾಗ್ನೀಸಿಯಂ ತಿಂದು ಅವರ ಲೆಕ್ಕ ತಪ್ಪುತ್ತದೆ, ಮರುದಿನವೇ ಫೋನ್ ಬರುತ್ತದೆ.

ಎಲೆಕ್ಟ್ರೋಡ್ ಪೇಸ್ಟ್

ಇದು ಬೇರೆಯೇ ಜಾಣ್ಮೆ. ಎಲೆಕ್ಟ್ರೋಡನ್ನು ನಾವು ಸುಡುವುದೇ ಬೇಡ, ಗಿರಾಕಿಯ ಕುಲುಮೆಯೇ ಸುಟ್ಟುಕೊಳ್ಳಲಿ. ಕಾರ್ಲ್ ವಿಲ್ಹೆಲ್ಮ್ ಸೋಡರ್‌ಬರ್ಗ್ ಹೆಸರಿನ ಈ ಪದ್ಧತಿ ನೂರು ವರ್ಷದ ಹಿಂದೆ ನಾರ್ವೆಯ ಎಲ್ಕೆಮ್ ಕಂಪನಿಯಲ್ಲಿ ರೂಪುಗೊಂಡಿತು. ತಗಡಿನ ಕೊಳವೆಯೊಳಗೆ ಮೇಲಿನಿಂದ ಪೇಸ್ಟ್ ಗಟ್ಟಿ ಹಾಕುತ್ತಾರೆ. ಅದು ಕೆಳಗಿಳಿಯುತ್ತಾ ಮೊದಲು ಕರಗಿ ಕೊಳವೆ ತುಂಬುತ್ತದೆ, ಕರೆಂಟ್ ಕೊಡುವ ಕ್ಲಾಂಪಿನ ಹತ್ತಿರ 450-500 ಡಿಗ್ರಿಗೆ ಬರುವಾಗ ಗಟ್ಟಿಯಾಗಿ ಕರೆಂಟ್ ಹರಿಸುತ್ತದೆ, ಕೆಳಗೆ ಸವೆಯುತ್ತದೆ. ಮೇಲೆ ಹೊಸ ತಗಡು ಬೆಸೆಯುತ್ತಾ ಹೋಗುವುದು.

ಕರ್ನಾಟಕಕ್ಕೆ ಇದು ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದ ಇದ್ದಿಲಿನ ಊದುಕುಲುಮೆ ನಡೆಸುತ್ತಿತ್ತು. 1950ರ ದಶಕದಲ್ಲಿ ಜೋಗದ ವಿದ್ಯುತ್ ನಂಬಿಕೊಂಡು ಅಲ್ಲಿ ನಾರ್ವೆ ಮಾದರಿಯ ಟಿಸ್‌ಲ್ಯಾಂಡ್-ಹೋಲ್ ವಿದ್ಯುತ್ ಕುಲುಮೆಗಳು ಬಂದವು. ಆ ಮಾದರಿಯ ಎಲೆಕ್ಟ್ರೋಡ್ ಇದೇ ಸೋಡರ್‌ಬರ್ಗ್ ಜಾತಿಯದ್ದು.

ಕಾರ್ಖಾನೆ ಹಾಕುವವನ ಕಣ್ಣಿನಿಂದ ನೋಡಿದರೆ ಪೇಸ್ಟ್ ಗ್ರಾಫೈಟಿಗಿಂತ ಎಷ್ಟೋ ಹಗುರ. ವಾರಗಟ್ಟಲೆ ಸುಡುವ ಗೂಡು ಬೇಡ, ಮೂರು ಸಾವಿರ ಡಿಗ್ರಿ ಬೇಡ. ಕಾಯಿಸಿದ ಆಂಥ್ರಸೈಟ್ (ಗಟ್ಟಿ ಜಾತಿಯ ಕಲ್ಲಿದ್ದಲು), ಪಿಚ್, ಬಿಸಿ ಮಿಕ್ಸರ್, ಅಚ್ಚು, ತಂಪು ಮಾಡುವ ತೊಟ್ಟಿ. ಮಾಲು ದಿನಗಳಲ್ಲಿ ತಯಾರು. ಪಿಚ್ ದೂರದಿಂದ ತರಬೇಕಿಲ್ಲ, ತೋರಣಗಲ್ಲಿನಲ್ಲಿ ಎಪ್ಸಿಲಾನ್ ಕಾರ್ಬನ್ ಕಂಪನಿ ಕೋಕ್ ಓವನ್ನಿನ ಟಾರನ್ನು ಬಟ್ಟಿ ಇಳಿಸಿ ಪಿಚ್ ಮಾಡುತ್ತದೆ. ಆದರೆ ಆಂಥ್ರಸೈಟ್ ಹೊರದೇಶದಿಂದ ಬರಬೇಕು, ಹಡಗಿನ ಲೆಕ್ಕದಲ್ಲಿ.

ಹಾಗಾದರೆ ತೊಡಕು ಎಲ್ಲಿ? ಪಾಸಾಗುವುದರಲ್ಲಿ. ಪೇಸ್ಟ್ ಸರಿಯಾಗಿ ಹರಿಯದಿದ್ದರೆ ಕೊಳವೆಯೊಳಗಿನ ರೆಕ್ಕೆಗಳ ಸುತ್ತ ಟೊಳ್ಳು ಉಳಿಯುತ್ತದೆ. ಜಾಸ್ತಿ ತೆಳುವಾದರೆ ದಪ್ಪ ಕಾಳು ಕೆಳಗೆ ಕೂತು ಪಿಚ್ ಮೇಲೆ ನಿಲ್ಲುತ್ತದೆ. ಎರಡರಲ್ಲೂ ಎಲೆಕ್ಟ್ರೋಡ್ ಮುರಿಯುತ್ತದೆ. ಸುಟ್ಟ ಭಾಗದಲ್ಲಿ ಮುರಿದರೆ ಉತ್ಪಾದನೆ ನಷ್ಟ, ಅಷ್ಟೆ. ಹಸಿ ಭಾಗದಲ್ಲಿ ಮುರಿದರೆ ಕಾದ ಪೇಸ್ಟ್ ಕುಲುಮೆಯ ಮೇಲೆ ಸುರಿದು ಬೆಂಕಿ ಹತ್ತುತ್ತದೆ, ಕೆಳಗೆ ಕೆಲಸ ಮಾಡುವವರ ಜೀವಕ್ಕೇ ಕುತ್ತು. ಫೆರೋ ಅಲಾಯ್ ಪ್ಲಾಂಟಿನ ಮ್ಯಾನೇಜರ್ ಟನ್ನಿಗೆ ಒಂದೆರಡು ಸಾವಿರ ಉಳಿಸಲು ನಿಮ್ಮ ಪೇಸ್ಟ್ ಹಾಕಿ ನೋಡುತ್ತಾನಾ? ನಾನಾಗಿದ್ದರೆ ಹಾಕುತ್ತಿರಲಿಲ್ಲ. ಅದಕ್ಕೇ ಹೇಳಿದ್ದು, ಮೊದಲು ಗಿರಾಕಿ ಸಿಗಬೇಕು ಅಂತ. ಫೆರೋ ಅಲಾಯ್ ಪ್ಲಾಂಟಿನಲ್ಲಿ ಪಾಲು ಇರುವವರು, ಅಲ್ಲಿ ಎಲೆಕ್ಟ್ರೋಡ್ ನೋಡಿಕೊಂಡು ನಿವೃತ್ತರಾದವರು ಜೊತೆಗಿದ್ದರೆ ಮಾತ್ರ ಇದಕ್ಕೆ ಇಳಿಯಿರಿ.

ಇನ್ನೊಂದು, ಪಿಚ್ ಹೊಗೆ. ಕಲ್ಲಿದ್ದಲ ಟಾರಿನ ಪಿಚ್ ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾದ ವಿಷಯ. ಅದರ ಧೂಳು ಚರ್ಮಕ್ಕೆ ಅಂಟಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಉರಿಯುತ್ತದೆ. ಹೊಗೆ ಹಿಡಿಯುವ ವ್ಯವಸ್ಥೆಯ ಖರ್ಚನ್ನು ಮೊದಲ ದಿನದ ಲೆಕ್ಕಕ್ಕೇ ಸೇರಿಸಿ.

ಮೊದಲೇ ಸುಟ್ಟು ಕೊಡುವ ಕಾರ್ಬನ್ ಎಲೆಕ್ಟ್ರೋಡ್ ಅಂತ ಒಂದಿದೆ. ಸಿಲಿಕಾನ್ ಲೋಹ ಮಾಡುವವರಿಗೆ ಕೊಳವೆಯ ತಗಡಿನ ಕಬ್ಬಿಣ ಮಾಲಿಗೆ ಸೇರಬಾರದು, ಅದಕ್ಕೆ ಅವರು ಅದನ್ನು ಬಳಸುತ್ತಾರೆ. ನಮ್ಮ ಸುತ್ತ ಅಂಥ ಗಿರಾಕಿ ಇಲ್ಲ. ಬಿಡಿ.

ರ‍್ಯಾಮಿಂಗ್ ಮಾಸ್

ಬೆಣಚು ಕಲ್ಲು ಒಡೆದು, ಜರಡಿ ಹಿಡಿದು, ಬೋರಿಕ್ ಆಸಿಡ್ ಬೆರೆಸಿ ಚೀಲಕ್ಕೆ ತುಂಬಿದರೆ ಮುಗಿಯಿತು. ಹೀಗಂತ ಹೇಳಿ ಮೆಷಿನ್ ಮಾರುವವರು ಬಹಳ ಇದ್ದಾರೆ. ಶುರು ಮಾಡುವುದು ಅಷ್ಟೇ ಸುಲಭ, ನಿಜ. ಕಿಲೋಗೆ ಕೆಲವೇ ರೂಪಾಯಿಯ ಮಾಲು ಇದು, ಅದರಲ್ಲಿ ಲಾರಿ ಬಾಡಿಗೆಯೇ ದೊಡ್ಡ ಪಾಲು. ರಾಜಸ್ಥಾನದ ಕಡೆಯಿಂದ ಒಳ್ಳೆಯ ಬಿಳಿ ಮಾಲು ಬರುತ್ತದೆ. ನಿಮ್ಮ ಬಲ ಏನಿದ್ದರೂ ಹತ್ತಿರ ಇರುವುದು. ಕಲ್ಲು ಹತ್ತಿರ, ಗಿರಾಕಿ ಹತ್ತಿರ.

ಗುಣಮಟ್ಟ ನಿಲ್ಲುವುದು ಸಣ್ಣ ಸಣ್ಣ ವಿಷಯಗಳ ಮೇಲೆ. ಸಿಲಿಕಾ ಶೇಕಡಾ 98-99 ಇರಬೇಕು. ದಪ್ಪ ಕಾಳಿನಿಂದ ಹಿಟ್ಟಿನವರೆಗೆ ಗಾತ್ರಗಳ ಪ್ರಮಾಣ ಸರಿ ಇದ್ದರೆ ಬಡಿದಾಗ ಗಟ್ಟಿ ಕೂರುತ್ತದೆ. ಕ್ರಷರಿನ ದವಡೆ ಸವೆದು ಮಾಲಿಗೆ ಸೇರುವ ಕಬ್ಬಿಣದ ಚೂರನ್ನು ಅಯಸ್ಕಾಂತ ಇಟ್ಟು ತೆಗೆಯಲೇಬೇಕು. ಲೈನಿಂಗಿನಲ್ಲಿ ಉಳಿದ ಒಂದೊಂದು ಚೂರೂ ಕರಗಿ ಕಾಯಿಲ್ ಕಡೆಗೆ ದಾರಿ ಮಾಡುತ್ತದೆ. ಕರಗಿದ ಲೋಹ ನೀರು ಹರಿಯುವ ಕಾಯಿಲ್ ಮುಟ್ಟಿದರೆ ಏನಾಗುತ್ತದೆ ಅಂತ ಫೌಂಡ್ರಿಯವರಿಗೆ ಹೇಳಬೇಕಿಲ್ಲ.

ಬೋರಿಕ್ ಆಸಿಡ್ ಎಷ್ಟು ಅನ್ನುವುದು ಗಿರಾಕಿಯ ತಾಪಮಾನದ ಮೇಲೆ. 1,450-1,500 ಡಿಗ್ರಿಯ ಬೀಡು ಕಬ್ಬಿಣಕ್ಕೆ ಶೇಕಡಾ 1ರ ಆಸುಪಾಸು ನಡೆಯುತ್ತದೆ. 1,650 ಮುಟ್ಟುವ ಸ್ಟೀಲಿಗೆ ಅದಕ್ಕಿಂತ ಕಡಿಮೆ, ಜಾಸ್ತಿ ಹಾಕಿದರೆ ಲೈನಿಂಗೇ ಮೆತ್ತಗಾಗುತ್ತದೆ. ಕೆಲವು ತಯಾರಕರು ಎಲ್ಲರಿಗೂ ಒಂದೇ ಚೀಲ ಕೊಡುತ್ತಾರೆ. ಹಾಗೆ ಮಾಡದೇ ಇದ್ದರೇ ನೀವು ಅರ್ಧ ಗೆದ್ದಂತೆ.

ಬಹಳ ಜನ ಇಲ್ಲಿ ಎಡವುತ್ತಾರೆ: ಲೈನಿಂಗ್ ಯಾವುದು ಅಂತ ತೀರ್ಮಾನಿಸುವುದು ಕಿಟ್ಟ, ಅಂದರೆ ಕರಗಿದ ಲೋಹದ ಮೇಲೆ ತೇಲುವ ಕಲ್ಮಶ (ಸ್ಲ್ಯಾಗ್). ಕಿಟ್ಟದಲ್ಲಿ ಕಬ್ಬಿಣದ ಆಕ್ಸೈಡ್, ಮ್ಯಾಂಗನೀಸ್ ಆಕ್ಸೈಡ್, ಸುಣ್ಣ ಜಾಸ್ತಿ ಇದ್ದರೆ ಸಿಲಿಕಾವನ್ನು ಅದು ಕರಗಿಸಿ ತಿನ್ನುತ್ತದೆ. ಬೀಡು ಕಬ್ಬಿಣದಲ್ಲಿ ನೂರಾರು ಹೀಟ್ ಬಾಳುವ ಅದೇ ಸಿಲಿಕಾ ಲೈನಿಂಗ್, ಸ್ಪಾಂಜ್ ಐರನ್ ಕರಗಿಸುವ ಫರ್ನೇಸಿನಲ್ಲಿ ಇಪ್ಪತ್ತರ ಆಸುಪಾಸಿನ ಹೀಟಿಗೇ ಕೈ ಕೊಡುತ್ತದೆ. ಮಾಲು ಕಳಪೆ ಅಂತ ಬೈಗುಳ ನಿಮಗೆ. ಮ್ಯಾಂಗನೀಸ್ ಸ್ಟೀಲ್ ಮಾಡುವವರಿಗೆ ಸಿಲಿಕಾ ಮಾರಲು ಹೋಗಲೇಬೇಡಿ. ಅವರಿಗೆ ಮ್ಯಾಗ್ನೇಶಿಯಾ, ಇಲ್ಲವೇ ಅಲ್ಯೂಮಿನಾ-ಸ್ಪಿನೆಲ್ ಮಾಸ್ ಬೇಕು.

ರಂಜಕದ (ಫಾಸ್ಫರಸ್) ವಿಷಯವೂ ಇಲ್ಲೇ ಬರುತ್ತದೆ. ಕಟ್ಟಡದ ಕಂಬಿಗೆ ಐಎಸ್ (ಭಾರತೀಯ ಮಾನಕ) 1786ರ ಪ್ರಕಾರ ಎಫ್‌ಇ 500 ದರ್ಜೆಯಲ್ಲಿ ರಂಜಕ ಶೇಕಡಾ 0.055 ಮೀರಬಾರದು, 500ಡಿಯಲ್ಲಿ 0.040. ರಂಜಕ ತೆಗೆಯಲು ಸುಣ್ಣದ ಕಿಟ್ಟ ಬೇಕು, ಸುಣ್ಣದ ಕಿಟ್ಟ ಹಾಕಿದರೆ ಸಿಲಿಕಾ ಲೈನಿಂಗ್ ಉಳಿಯುವುದಿಲ್ಲ. ಹಾಗಾಗಿ ಕಂಬಿ ಮಾಡುವ ಕೆಲವರು ಸುಣ್ಣದ ಕಿಟ್ಟಕ್ಕೆ ಸುಲಭವಾಗಿ ಕರಗದ ನ್ಯೂಟ್ರಲ್ ಲೈನಿಂಗ್ ಕಡೆ ನೋಡುತ್ತಿದ್ದಾರೆ. ಅಲ್ಯೂಮಿನಾ-ಸ್ಪಿನೆಲ್ ಮಾಸಿನ ಬೆಲೆ ಸಿಲಿಕಾದ ಹಲವು ಪಟ್ಟು. ಅಲ್ಲಿ ಲಾಭಕ್ಕೆ ಜಾಗ ಇದೆ. ರ‍್ಯಾಮಿಂಗ್ ಮಾಸ್ ಧಂದೆಯಲ್ಲಿ ಐದು ವರ್ಷ ಆದ ಮೇಲೆ ಹೋಗಬೇಕಾದ ಜಾಗ ಅದು.

ಬೆಣಚು ಧೂಳಿನ ಬಗ್ಗೆ ಸುಮ್ನೆ ಒಂದು ಸಾಲು ಬರೆದು ಮುಗಿಸಲು ಮನಸ್ಸಿಲ್ಲ. ಕಣ್ಣಿಗೆ ಕಾಣದ ಹಿಟ್ಟು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್. ಅದಕ್ಕೆ ಗುಣವಾಗುವ ಮದ್ದಿಲ್ಲ. ಗಣಿ, ಕಲ್ಲು ಕ್ವಾರಿಗಳಲ್ಲಿ ನೀರು ಚಿಮುಕಿಸಿ ಧೂಳು ಅಡಗಿಸಬಹುದು, ಇಲ್ಲಿ ಮಾಲು ಒಣಗಿರಲೇಬೇಕು, ಹಾಗಾಗಿ ನೀರು ಹಾಕುವಂತಿಲ್ಲ. ಕ್ರಷರ್, ಜರಡಿ, ಚೀಲ ತುಂಬುವ ಜಾಗ ಮೂರಕ್ಕೂ ಧೂಳು ಎಳೆಯುವ ಡಕ್ಟ್, ಬ್ಯಾಗ್ ಫಿಲ್ಟರ್ ಬೇಕು. ಬಾಯಿಗೆ ಕಟ್ಟುವ ಕರ್ಚೀಫಿನಿಂದ ಏನೂ ಆಗುವುದಿಲ್ಲ. ಇದಕ್ಕೆ ದುಡ್ಡಿಲ್ಲ ಅಂದರೆ ಈ ಕೆಲಸ ಶುರು ಮಾಡಬಾರದು.

ಇಟ್ಟಿಗೆಯೋ ಕ್ಯಾಸ್ಟಬಲ್ಲೋ

ಬೆಂಕಿ ಇಟ್ಟಿಗೆಗೆ ಜೇಡಿ, ಪ್ರೆಸ್ಸು, ಒಣಗಿಸುವ ಜಾಗ, ಗೂಡು ಬೇಕು. ಫೈರ್‌ಕ್ಲೇ ಇಟ್ಟಿಗೆ 1,250-1,350 ಡಿಗ್ರಿಯಲ್ಲಿ ಬೇಯುತ್ತದೆ, ಹೈ ಅಲ್ಯೂಮಿನಾಕ್ಕೆ 1,400 ದಾಟಬೇಕು. ಗೂಡು ತುಂಬುವಷ್ಟು ಆರ್ಡರ್ ಇಲ್ಲದಿದ್ದರೆ ಇಂಧನ ದಂಡ. ಆಕಾರಗಳು ನೂರೆಂಟು, ಒಂದೊಂದಕ್ಕೂ ಅಚ್ಚು. ಐಎಸ್ 6, ಐಎಸ್ 8 ಇಟ್ಟಿಗೆ ಅಂತ ಮಾರ್ಕೆಟ್ಟಿನಲ್ಲಿ ಎಲ್ಲರೂ ಕೇಳುತ್ತಾರೆ, ಎಲ್ಲರೂ ಕೊಡುತ್ತಾರೆ, ಬೆಲೆಯಲ್ಲೇ ಕಿತ್ತಾಟ. ಹೊಸ ಗೂಡು ಕಟ್ಟಿ ಈ ಜಗಳಕ್ಕೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ.

ಲೇಡಲ್ಲಿಗೆ, ಆರ್ಕ್ ಫರ್ನೇಸಿಗೆ ಹಾಕುವ ಮ್ಯಾಗ್ನೇಶಿಯಾ-ಕಾರ್ಬನ್ ಇಟ್ಟಿಗೆಗೆ ಗೂಡು ಬೇಡ. ರಾಳ ಬೆರೆಸಿ, ಒತ್ತಿ, ಸುಮಾರು 200 ಡಿಗ್ರಿಯಲ್ಲಿ ಗಟ್ಟಿ ಮಾಡಿದರೆ ಸಾಕು. ಆದರೆ ಸಾವಿರ ಟನ್ ಮೀರಿದ ಒತ್ತಡದ ಪ್ರೆಸ್ ಬೇಕು, ಒಳ್ಳೆಯ ಫ್ಯೂಸ್ಡ್ ಮ್ಯಾಗ್ನೇಶಿಯಾ ಬಹುಪಾಲು ಚೀನಾದಿಂದ ಬರಬೇಕು. ನಮ್ಮಲ್ಲಿ ಮೈಸೂರು ಹತ್ತಿರ ದೊಡ್ಡಕನ್ಯದಲ್ಲಿ, ತಮಿಳುನಾಡಿನ ಸೇಲಂನಲ್ಲಿ ಮ್ಯಾಗ್ನೆಸೈಟ್ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅದರಲ್ಲಿ ಸಿಲಿಕಾ ಜಾಸ್ತಿ. ಕಿಟ್ಟ ಬಡಿಯುವ ಜಾಗಕ್ಕೆ ಒಗ್ಗುವುದಿಲ್ಲ.

ಇನ್ನು ಕ್ಯಾಸ್ಟಬಲ್. ಸುಟ್ಟ ಬಾಕ್ಸೈಟ್ ಅಥವಾ ಗ್ರಾಗ್ (ಸುಟ್ಟ ಜೇಡಿಯ ಕಾಳು), ಹೈ ಅಲ್ಯೂಮಿನಾ ಸಿಮೆಂಟ್, ಮೈಕ್ರೋಸಿಲಿಕಾ, ಹಿಟ್ಟಿನಂಥ ಅಲ್ಯೂಮಿನಾ. ಅಲ್ಯೂಮಿನಾ ಬೆಳಗಾವಿಯಲ್ಲೇ ಹಿಂಡಾಲ್ಕೊ ತಯಾರಿಸುತ್ತದೆ. ಮೈಕ್ರೋಸಿಲಿಕಾ ಅಂದರೆ ಫೆರೋಸಿಲಿಕಾನ್ ಕುಲುಮೆಯ ಹೊಗೆಯಲ್ಲಿ ಹಿಡಿದ ಧೂಳು. ಎಲ್ಲವನ್ನೂ ತೂಗಿ, ಮಿಕ್ಸರಿನಲ್ಲಿ ಬೆರೆಸಿ, ಚೀಲ ಹೊಲಿದರೆ ಆಯಿತು. ಗೂಡು ಇಲ್ಲ, ಪಿಚ್ ಇಲ್ಲ. ದುಡ್ಡು ತಿಂಗಳೊಳಗೆ ತಿರುಗುತ್ತದೆ. ರ‍್ಯಾಮಿಂಗ್ ಮಾಸಿನಷ್ಟು ಅಗ್ಗವೂ ಅಲ್ಲ, ಹಾಗಾಗಿ ಲಾರಿ ಬಾಡಿಗೆಗೆ ಲಾಭ ಕರಗುವುದಿಲ್ಲ.

ಸಾದಾ ಕ್ಯಾಸ್ಟಬಲ್ಲಿನಿಂದ ಶುರು ಮಾಡಿ, ಆಮೇಲೆ ಲೋ ಸಿಮೆಂಟಿಗೆ ಹೋಗಿ. ಲೋ ಸಿಮೆಂಟ್ ಅಂದರೆ ಸುಣ್ಣದ ಅಂಶ ಶೇಕಡಾ 1ರಿಂದ 2.5. ಗಟ್ಟಿತನ ಜಾಸ್ತಿ, ಆದರೆ ನೀರು ಶೇಕಡಾ 5-7 ಮೀರಬಾರದು. ಇಲ್ಲೇ ಗಲಾಟೆ. ಸೈಟಿನ ಮೇಸ್ತ್ರಿ ಮನೆ ತಾರಸಿಗೆ ಕಾಂಕ್ರೀಟ್ ಕಲಸಿದ ಹಾಗೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾನೆ, ಮಾಲು ಚೆನ್ನಾಗಿ ಹರಿಯಿತು ಅಂತ ಎಲ್ಲರಿಗೂ ಖುಷಿ, ಬಾಯ್ಲರ್ ಹಚ್ಚಿದ ಮೇಲೆ ಅದು ಹಪ್ಪಳವಾಗಿ ಉದುರುತ್ತದೆ. ಹಚ್ಚುವುದರಲ್ಲೂ ಅವಸರ. ಗಂಟೆಗೆ 25-50 ಡಿಗ್ರಿಯಂತೆ ಏರಿಸಬೇಕು, 110 ಡಿಗ್ರಿ ಸುತ್ತ ತಡೆದು ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗಿನ ಆವಿ ಲೈನಿಂಗನ್ನು ಸಿಡಿಸುತ್ತದೆ. ಪಾಲಿಪ್ರೊಪಿಲೀನ್ ನಾರು ಬೆರೆಸುವುದು ಆವಿಗೆ ದಾರಿ ಬಿಡಲು.

ನನ್ನ ಮಟ್ಟಿಗೆ ಸಣ್ಣ ತಯಾರಕ ಗೆಲ್ಲುವುದು ಇಲ್ಲಿಯೇ. ದೊಡ್ಡ ಕಂಪನಿ ಚೀಲದ ಜೊತೆ ಒಂದು ಹಾಳೆ ಸೂಚನೆ ಕಳಿಸುತ್ತದೆ. ನೀವು ತೂಕದ ತಕ್ಕಡಿ, ಅಳತೆ ಜಗ್ಗು, ವೈಬ್ರೇಟರ್ ಹಿಡಿದು ಖುದ್ದು ಹೋಗಿ ನಿಂತು ಹಾಕಿಸಬಹುದು. ಒಂದು ಹೆಜ್ಜೆ ಮುಂದೆ ಹೋಗಿ, ನಿಮ್ಮಲ್ಲೇ ಅಚ್ಚಿನಲ್ಲಿ ಎರಕ ಹೊಯ್ದು, ಒಣಗಿಸಿ, ರೆಡಿ ಬ್ಲಾಕ್ ಮಾಡಿ ಕೊಟ್ಟರೆ ನೀರಿನ ಜಗಳವೇ ಇಲ್ಲ. ಬರ್ನರ್ ಬ್ಲಾಕ್, ಬಾಯ್ಲರ್ ಬಾಗಿಲು, ಲೇಡಲ್ ಮುಚ್ಚಳ ಇಂಥವಕ್ಕೆ ಕೇಳಿದ ಬೆಲೆ ಸಿಗುತ್ತದೆ.

ಕಾಗದದ ಮೇಲಿನ ಅಂಕಿಗಳನ್ನು ಓದುವಾಗ

ಗಿರಾಕಿ ಯಾವಾಗಲೂ ಕೇಳುವುದು ಅಲ್ಯೂಮಿನಾ ಎಷ್ಟು ಪರ್ಸೆಂಟ್ ಅಂತ. ಅದೊಂದನ್ನೇ ನೋಡಬೇಡಿ, ಅವನಿಗೂ ನೋಡಲು ಬಿಡಬೇಡಿ. ಕಲ್ಮಶದ ಬಾಕ್ಸೈಟಿನಿಂದ ಮಾಡಿದ 70 ಪರ್ಸೆಂಟ್ ಇಟ್ಟಿಗೆಗಿಂತ ಆಂಡಲುಸೈಟ್ ಅನ್ನುವ ಖನಿಜದ 60 ಪರ್ಸೆಂಟ್ ಇಟ್ಟಿಗೆ ಭಾರ ಹೊತ್ತು ಹೆಚ್ಚು ತಾಪ ತಡೆಯುತ್ತದೆ. ನೋಡಬೇಕಾದ್ದು ಭಾರದಡಿ ಮೆತ್ತಗಾಗುವ ತಾಪ, ಕಾಯಿಸಿ ತಣಿಸಿದ ಮೇಲೆ ಅಳತೆ ಎಷ್ಟು ಬದಲಾಯಿತು, ರಂಧ್ರ ಎಷ್ಟು, ಕಬ್ಬಿಣ ಮತ್ತು ಕ್ಷಾರ ಎಷ್ಟು.

ಬೆಲೆ ಮಾತನಾಡುವಾಗಲೂ ಅಷ್ಟೇ, ಕಿಲೋ ಲೆಕ್ಕ ಬಿಟ್ಟು ಕರಗಿದ ಟನ್ನಿನ ಲೆಕ್ಕ ಹಾಕಿ ತೋರಿಸಿ. ಸುಮ್ನೆ ಒಂದು ಉದಾಹರಣೆ: ಕಿಲೋಗೆ 200 ರೂಪಾಯಿಯ ಎಲೆಕ್ಟ್ರೋಡ್ ಟನ್ ಸ್ಟೀಲಿಗೆ 2.6 ಕಿಲೋ ಸವೆದರೆ 520 ರೂಪಾಯಿ. 250 ರೂಪಾಯಿಯದ್ದು 1.9 ಕಿಲೋ ಸವೆದರೆ 475. ಲೈನಿಂಗಿಗೂ ಇದೇ ಗಣಿತ, ಜೊತೆಗೆ ಲೈನಿಂಗ್ ಬದಲಿಸಲು ಫರ್ನೇಸ್ ನಿಂತ ಗಂಟೆಗಳನ್ನೂ ಸೇರಿಸಬೇಕು.

ಮಳೆಗಾಲಕ್ಕೆ ಗೋಡೌನ್ ಹೇಗಿದೆ ಅಂತ ಈಗಲೇ ನೋಡಿ. ಶಿವಮೊಗ್ಗ, ಬೆಳಗಾವಿಯ ಮಳೆಯ ತೇವಕ್ಕೆ ಕ್ಯಾಸ್ಟಬಲ್ಲಿನ ಸಿಮೆಂಟ್ ಚೀಲದಲ್ಲೇ ಗಟ್ಟಿಯಾಗುತ್ತದೆ, ಮ್ಯಾಗ್ನೇಶಿಯಾ ನೀರು ಹೀರಿ ಬಿರಿಯುತ್ತದೆ. ಚೀಲದ ಮೇಲೆ ತಯಾರಿಸಿದ ತಿಂಗಳು ಹಾಕಿ, ಆರು ತಿಂಗಳು ದಾಟಿದ್ದನ್ನು ಕಳಿಸಬೇಡಿ.

ಮೊದಲ ಟ್ರಯಲ್ಲಿಗೆ ಲೇಡಲ್ ತಳದಂಥ ಕಷ್ಟದ ಜಾಗ ಕೇಳಬೇಡಿ. ಬಾಯ್ಲರಿನ ಬಾಗಿಲು, ಲೇಡಲ್ ಕಾಯಿಸುವ ಬರ್ನರಿನ ಸುತ್ತು, ಹೊಗೆ ನಾಳ ಇಂಥ ಕಡೆ ಕೇಳಿ. ಎಷ್ಟು ನೀರು ಹಾಕಿದಿರಿ, ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಏರಿಸಿದಿರಿ ಅಂತ ಬರೆದು, ಪ್ಲಾಂಟಿನ ಸೂಪರ್‌ವೈಸರ್ ಹತ್ತಿರ ಸಹಿ ಹಾಕಿಸಿಕೊಳ್ಳಿ. ನಾಳೆ ಉದುರಿದರೆ ಮಾತನಾಡಲು ಆ ಹಾಳೆ ಬೇಕು. ಸಕ್ಕರೆ ಕಾರ್ಖಾನೆಯವರ ಹತ್ತಿರ ಹೋಗುವುದಾದರೆ ಕಬ್ಬು ನುರಿಸುವುದು ನಿಲ್ಲುವ ಮುಂಚೆಯೇ ಕೊಟೇಶನ್ ಕೊಡಿ. ಬಾಯ್ಲರ್ ತಣ್ಣಗಾದ ಮೇಲೆ ಹೋದರೆ ಅಷ್ಟು ಹೊತ್ತಿಗೆ ಬೇರೆಯವರ ಲಾರಿ ಗೇಟಿನಲ್ಲಿ ನಿಂತಿರುತ್ತದೆ.